ತನಗೆ ತಕ್ಕ ದೋಣಿ

ಪಾದರಕ್ಷೆಯನ್ನು ಕೊಳ್ಳುವವನು ಮೊದಲು ತನ್ನ ಪಾದವನ್ನು ನೋಡಿಕೊಳ್ಳುತ್ತಾನೆ. ಅಂಗಿಯನ್ನು ಹೊಲಿಸುವವನು ದರ್ಜಿಯ ಮುಂದೆ ತೋಳು ಚಾಚಿ ನಿಂತು ಅಳತೆಯನ್ನು ಕೊಡುತ್ತಾನೆ. ಇಷ್ಟು ಸಣ್ಣ ವಿಷಯಗಳಲ್ಲಿ ವಿವೇಕವನ್ನು ತೋರುವ ಮನುಷ್ಯನೇ, ಮನಸ್ಸಿಗೆ ಬಹಳ ಪ್ರಿಯವಾದ ವಸ್ತುವೊಂದು ಎದುರಿಗೆ ಬಂದಾಗ ಅಳತೆಯನ್ನು ಮರೆತುಬಿಡುವುದುಂಟು. ಆಗ ಅವನು ತಾನಿರುವಂತೆ ತನ್ನನ್ನು ಕಾಣುವುದಿಲ್ಲ. ಹಿಂದೊಮ್ಮೆ ಇದ್ದಂತೆಯೋ, ಎಂದೋ ಆಗಬೇಕೆಂದು ಬಯಸಿದಂತೆಯೋ ಕಂಡುಕೊಂಡು, ಆ ಕಲ್ಪಿತ ಪುರುಷನಿಗಾಗಿ ವಸ್ತುವನ್ನು ಕೊಳ್ಳುತ್ತಾನೆ. ಬೇರೆ ವಸ್ತುಗಳಲ್ಲಿ ಈ ತಪ್ಪಿನಿಂದ ಹಣ ಹೋದೀತು. ದೋಣಿಯ ವಿಷಯದಲ್ಲಿ ಹೋಗುವುದು ಹಣ ಮಾತ್ರವಲ್ಲ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮೊದಲಾದ ಐದು ಹೊಳೆಗಳು ಕೂಡಿ, ಗಂಗೊಳ್ಳಿಯ ಬಳಿಯಲ್ಲಿ ಒಂದೇ ಬಾಗಿಲಿನಿಂದ ಸಮುದ್ರವನ್ನು ಸೇರುತ್ತವೆ. ಆ ಜಲರಾಶಿಗೆ ಪಂಚಗಂಗಾವಳಿಯೆಂದು ಹೆಸರು. ಅದರ ದಡದಲ್ಲಿ, ಕುಂದಾಪುರದ ಕಡೆಗೆ, ಶೆಟ್ಟರೊಬ್ಬರ ಮನೆಯಿದೆ. ಅವರು ಬಾಲ್ಯದಲ್ಲಿ ತಮ್ಮ ಸೋದರಮಾವನೊಡನೆ ಪಾತಿ ದೋಣಿಯಲ್ಲಿ ಕುಳಿತು ಅಳಿವೆಯನ್ನು ದಾಟಿ, ಹೊರಗಣ ನೀರಿನಲ್ಲಿ ಗಾಳ ಹಾಕುತ್ತಿದ್ದವರು. ಅನಂತರ ಉದ್ಯೋಗವು ಅವರನ್ನು ದಾವಣಗೆರೆಗೆ ಒಯ್ದಿತು. ಅಲ್ಲಿಯ ಕಚೇರಿಯೊಂದರಲ್ಲಿ 35 ವರ್ಷ ಲೆಕ್ಕವನ್ನು ಬರೆದರು. ಬಯಲುಸೀಮೆಯ ಬಿಸಿಲಿನಲ್ಲಿ ಕುಳಿತು ಅವರು ತಮ್ಮ ಮಗನಿಗೆ ಹೇಳಿದ ಕಥೆಗಳಲ್ಲಿ ಸಮುದ್ರವಿಲ್ಲದ ಕಥೆ ಒಂದೂ ಇರಲಿಲ್ಲ. ಮಾವನು ಅಂಜಲ್ ಮೀನನ್ನು ಹೇಗೆ ಆಡಿಸಿ ಆಡಿಸಿ ದಣಿಸಿದನು, ಅಳಿವೆಯ ಮೂರನೆಯ ತೆರೆಯು ಹೇಗೆ ಮೊದಲೆರಡು ತೆರೆಗಳಿಗಿಂತ ಕಪಟಿಯು—ಇವೆಲ್ಲವನ್ನೂ ಆ ಹುಡುಗನು ಸಮುದ್ರವನ್ನು ಕಾಣುವ ಮೊದಲೇ ಬಲ್ಲವನಾದನು.

ಶೆಟ್ಟರು ನಿವೃತ್ತರಾಗಿ ಊರಿಗೆ ಮರಳಿದರು. ಅವರಿಗೆ 62 ವರ್ಷ ತುಂಬಿದಾಗ, ಬೆಂಗಳೂರಿನಲ್ಲಿ ಇಂಜಿನಿಯರನಾದ ಮಗನು ತಂದೆಗೆ ಒಂದು ದೋಣಿಯನ್ನು ಕೊಡಿಸುವುದೆಂದು ನಿಶ್ಚಯಿಸಿದನು. ಮರದ ಪಾತಿಯಲ್ಲ, ಈಗ ಎಲ್ಲೆಡೆಯೂ ಪ್ರಚಾರಕ್ಕೆ ಬಂದಿರುವ ಕಯಾಕ್ ಎಂಬ ಕಿರುದೋಣಿ, ಅದರಲ್ಲಿಯೂ ಗಾಳ ಹಾಕುವವರಿಗಾಗಿಯೇ ಮಾಡಿದ ಜಾತಿ. ಮಗನ ಮನಸ್ಸಿನಲ್ಲಿ ಅಳಿವೆಯನ್ನು ದಾಟುವ ಬಾಲಕನಿದ್ದನು. ತಂದೆಯ ಮನಸ್ಸಿನಲ್ಲಿಯೂ ಅವನೇ ಇದ್ದನು. ಹೀಗಾಗಿ ಇಬ್ಬರೂ ಮೊದಲು ಆರಿಸಿದ್ದು ಆ ಬಾಲಕನಿಗೆ ತಕ್ಕ ದೋಣಿಯನ್ನು: 14 ಅಡಿ ಉದ್ದ, 28 ಅಂಗುಲ ಅಗಲ, ಚೂಪಾದ ಮೂತಿ, ಕಾಲಿನಿಂದ ತುಳಿದು ನಡೆಸುವ ಯಂತ್ರ.

ಕಯಾಕ್ ಎಂಬುದು ಈಗ ಅಂಗಡಿಯ ಸರಕಾಗಿದ್ದರೂ, ಅದರ ಹುಟ್ಟು ಅಂಗಡಿಯಲ್ಲಿ ಅಲ್ಲ. ಗ್ರೀನ್‌ಲ್ಯಾಂಡ್ ಮೊದಲಾದ ಉತ್ತರಧ್ರುವ ಸಮೀಪದ ದೇಶಗಳಲ್ಲಿ ವಾಸಿಸುವ ಇನ್ಯುಯಿಟ್ ಜನರು ಸೀಲ್ ಎಂಬ ಕಡಲಪ್ರಾಣಿಯ ಬೇಟೆಗಾಗಿ ಅದನ್ನು ನಿರ್ಮಿಸಿಕೊಂಡರು. ಮರ ಬೆಳೆಯದ ಆ ನಾಡಿನಲ್ಲಿ ಕಡಲು ತಂದೆಸೆದ ಮರದ ತುಂಡುಗಳನ್ನೂ ತಿಮಿಂಗಿಲದ ಎಲುಬನ್ನೂ ಕೂಡಿಸಿ ಹಂದರವನ್ನು ಕಟ್ಟಿ, ಸೀಲಿನ ಚರ್ಮವನ್ನು ಹೊದಿಸುತ್ತಿದ್ದರು. ನೀರು ನುಸುಳದಂತೆ ಚರ್ಮವನ್ನು ಹೊಲಿಯುವ ಕೌಶಲವು ಹೆಂಗಸರದು. ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ಒಬ್ಬನೇ ಕುಳಿತು ಅದನ್ನು ನಡೆಸುವನು. ಆ ದೋಣಿಯನ್ನು ಕಟ್ಟುವಾಗ ಕೋಲನ್ನಾಗಲಿ ಹಗ್ಗವನ್ನಾಗಲಿ ಅಳತೆಗೆ ಹಿಡಿಯದೆ, ಒಡೆಯನ ಶರೀರವನ್ನೇ ಹಿಡಿಯುವುದು ವಾಡಿಕೆ. ಉದ್ದಕ್ಕೆ ಅವನ ಚಾಚಿದ ತೋಳುಗಳ ಮೂರು ಮಾರು. ಕುಳಿತುಕೊಳ್ಳುವ ಕುಳಿಯ ಅಗಲಕ್ಕೆ ಅವನ ಸೊಂಟ ಮತ್ತು ಎರಡು ಮುಷ್ಟಿ. ಆಳಕ್ಕೆ ಒಂದು ಮುಷ್ಟಿ ಮತ್ತು ಚಾಚಿದ ಹೆಬ್ಬೆರಳು. ಹೀಗೆ ಕಟ್ಟಿದ ದೋಣಿಯು ಒಬ್ಬನದಾದರೆ ಮತ್ತೊಬ್ಬನಿಗೆ ಸರಿಹೋಗದು.

ಈ ಪದ್ಧತಿಯು ನಮ್ಮ ಪೂರ್ವಿಕರಿಗೆ ಹೊಸದಾಗಿ ತೋರುತ್ತಿರಲಿಲ್ಲ. ಅಗ್ನಿಚಯನದಲ್ಲಿ ಇಟ್ಟಿಗೆಗಳ ವೇದಿಯನ್ನು ಅಳೆಯುವಾಗ, ಯಜಮಾನನು ತೋಳುಗಳನ್ನು ಮೇಲಕ್ಕೆತ್ತಿ ನಿಂತ ಎತ್ತರವನ್ನೇ ಪುರುಷಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂದು ಶುಲ್ಬಸೂತ್ರಗಳು ವಿಧಿಸುತ್ತವೆ. ಯಾರ ಕರ್ಮವೋ ಅವನದೇ ಅಳತೆ. ಹಿಮದ ನಾಡಿನ ಬೇಟೆಗಾರನೂ ಇದನ್ನೇ ಕಂಡುಕೊಂಡಿದ್ದನು. ವ್ಯತ್ಯಾಸವಿಷ್ಟೆ: ವೇದಿಯ ಅಳತೆ ತಪ್ಪಿದರೆ ಪ್ರಾಯಶ್ಚಿತ್ತವುಂಟು, ಹೆಪ್ಪುಗಟ್ಟುವ ಆ ಕಡಲಿನಲ್ಲಿ ದೋಣಿಯ ಅಳತೆ ತಪ್ಪಿದರೆ ಪ್ರಾಯಶ್ಚಿತ್ತಕ್ಕೆ ಅವಕಾಶವೇ ಇಲ್ಲ.

ಒಡೆಯನ ಶರೀರದಂತೆಯೇ ನೀರಿನ ಸ್ವಭಾವವೂ ದೋಣಿಯ ರೂಪವನ್ನು ನಿರ್ಣಯಿಸುತ್ತದೆ. ಕನ್ನಡನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಹಂಪೆ ಆನೆಗೊಂದಿಗಳ ನಡುವೆ ತುಂಗಭದ್ರೆಯು ಬಂಡೆಗಳನ್ನು ಸುತ್ತಿ ಹರಿಯುತ್ತದೆ. ಅಲ್ಲಿ ಉದ್ದವಾದ ದೋಣಿಯು ಬಂಡೆಗಳ ನಡುವೆ ಅಡ್ಡ ಸಿಕ್ಕಿ ಮುರಿದುಹೋದೀತು. ಆದುದರಿಂದ ಅಲ್ಲಿಯ ಅಂಬಿಗರು ಬುಟ್ಟಿಯಂತೆ ದುಂಡಗಿರುವ ಹರಿಗೋಲನ್ನು ಹೆಣೆದುಕೊಂಡರು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಬಂಡೆಗೆ ತಗುಲಿದರೆ ತಿರುಗಿ ಜಾರಿಹೋಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಯಾತ್ರಿಕ ಡೊಮಿಂಗೊ ಪಾಯಿಸನು, ಒಳಗೆ ಬೆತ್ತ ಹೊರಗೆ ಚರ್ಮವಿದ್ದ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುವೆಂದು ಬರೆದಿಟ್ಟಿದ್ದಾನೆ. ಈಗ ಚರ್ಮದ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಮರೂ ಬಂದಿವೆ; ರೂಪವು ಮಾತ್ರ ಬದಲಾಗಿಲ್ಲ, ಏಕೆಂದರೆ ಬಂಡೆಗಳು ಬದಲಾಗಿಲ್ಲ. ಅದೇ ಹರಿಗೋಲನ್ನು ಗಂಗೊಳ್ಳಿಯ ಅಳಿವೆಗೆ ತಂದರೆ, ಮೊದಲನೆಯ ತೆರೆಯೇ ಅದನ್ನು ಬುಗುರಿಯಂತೆ ಆಡಿಸೀತು.

ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳ ವರ್ಗೀಕರಣವಿದೆ. ಸಾಮಾನ್ಯ, ವಿಶೇಷ ಎಂದು ಎರಡು ವಿಭಾಗಗಳು. ವಿಶೇಷದಲ್ಲಿ ದೀರ್ಘಾ, ಉನ್ನತಾ ಎಂದು ಮತ್ತೆರಡು. ಸಾಮಾನ್ಯ ನೌಕೆಗಳು ಹತ್ತು ಬಗೆ. ಅವುಗಳಲ್ಲಿ ಅತಿ ಚಿಕ್ಕದಾದ ಕ್ಷುದ್ರಾ ಎಂಬುದಕ್ಕೆ 16 ಮೊಳ ಉದ್ದ, 4 ಮೊಳ ಅಗಲ, 4 ಮೊಳ ಎತ್ತರ. ಪ್ರತಿಯೊಂದು ಬಗೆಯನ್ನೂ ಉದ್ದ, ಅಗಲ, ಎತ್ತರಗಳ ಸಂಬಂಧದಿಂದಲೇ ಬೇರ್ಪಡಿಸಿ, ಅವುಗಳಲ್ಲಿ ಕೆಲವನ್ನು ಅಶುಭವೆಂದು ಗ್ರಂಥಕಾರನು ತಳ್ಳಿಹಾಕುತ್ತಾನೆ. ದೀರ್ಘಾ ಜಾತಿಯಲ್ಲಿ ಹೀಗೆ ತಳ್ಳಲ್ಪಟ್ಟವುಗಳಲ್ಲಿ ಒಂದರ ಹೆಸರು ಲೋಲಾ. ಲೋಲವೆಂದರೆ ತೂಗಾಡತಕ್ಕದ್ದು. ತೂಗಾಡುವ ನೌಕೆಯನ್ನು ಶುಭವೆಂದು ಯಾವ ನಾವಿಕನೂ ಒಪ್ಪಲಾರನು.

ಇಂದಿನ ಕಯಾಕ್‌ಗಳ ಆಯ್ಕೆಯಲ್ಲಿಯೂ ಮೂಲಪ್ರಶ್ನೆಯು ಈ ಉದ್ದ ಅಗಲಗಳದೇ. ಉದ್ದವಾದ ದೋಣಿಯು ವೇಗವಾಗಿ, ನೇರವಾಗಿ ಹೋಗುತ್ತದೆ, ತೆರೆಯನ್ನು ಸೀಳುತ್ತದೆ, ಆದರೆ ಬೇಗ ತಿರುಗದು. ಗಿಡ್ಡವಾದುದು ಇಕ್ಕಟ್ಟಿನ ನೀರಿನಲ್ಲಿ ಸುಲಭವಾಗಿ ತಿರುಗುತ್ತದೆ. ದೂರ ಹೋಗುವಾಗ ತೋಳನ್ನು ದಣಿಸುತ್ತದೆ. ಅಗಲವಾದುದು ಸ್ಥಿರ, ಆದರೆ ನಿಧಾನ. ಕಿರಿದಾದುದು ಚುರುಕು, ಆದರೆ ಚಂಚಲ. ಕೆರೆ ಹೊಳೆಗಳಿಗೆ 10ರಿಂದ 12 ಅಡಿಯವುಗಳನ್ನೂ, ತೆರೆದ ಕಡಲಿಗೆ 12 ಅಡಿಗೂ ಮೇಲ್ಪಟ್ಟವುಗಳನ್ನೂ ಸಾಮಾನ್ಯವಾಗಿ ಆರಿಸುತ್ತಾರೆ. ತಳದ ಆಕಾರವೂ ಮುಖ್ಯ. ಚಪ್ಪಟೆಯಾದ ತಳವು ನಿಂತ ನೀರಿನಲ್ಲಿ ಹಲಗೆಯಂತೆ ನಿಶ್ಚಲ; ತೆರೆಗಳಲ್ಲಿಯಾದರೋ ತೆರೆಯು ವಾಲಿದಂತೆ ತಾನೂ ವಾಲುತ್ತದೆ. ಏಣುಳ್ಳ ತಳವು ಮೊದಲು ಅಲುಗಾಡಿ ಹೆದರಿಸಿದರೂ, ಒಂದು ಮಟ್ಟಿಗೆ ವಾಲಿದ ಮೇಲೆ ಹಿಡಿದು ನಿಲ್ಲುತ್ತದೆ.

ವೇಗದ ವಿಷಯದಲ್ಲಿ ಶೆಟ್ಟರು ತಮ್ಮ ಹಳೆಯ ಅಭ್ಯಾಸದಂತೆ ಲೆಕ್ಕವನ್ನೇ ಹಾಕಿದರು. ನೀರಿಗೆ ತಗುಲುವ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ದೋಣಿಯು ಸುಲಭವಾಗಿ ಮೀರಲಾರದ ವೇಗವು ನಾಟ್‌ಗಳಲ್ಲಿ ದೊರೆಯುತ್ತದೆಂದು ನೌಕಾಶಾಸ್ತ್ರದ ಸ್ಥೂಲನಿಯಮ. 9 ಅಡಿಗೆ ಇದು ಸುಮಾರು 4 ನಾಟ್, ಎಂದರೆ ಗಂಟೆಗೆ 7.4 ಕಿಲೋಮೀಟರು, 16 ಅಡಿಗೆ ಸುಮಾರು 5.4 ನಾಟ್, ಎಂದರೆ 9.9 ಕಿಲೋಮೀಟರು. ಆದರೆ ಸಾಮಾನು ತುಂಬಿದ ಕಯಾಕನ್ನು ಸಾಧಾರಣ ಮನುಷ್ಯನು ನಡೆಸುವುದು ಗಂಟೆಗೆ 4 ಅಥವಾ 5 ಕಿಲೋಮೀಟರಿನಂತೆ. ಹೀಗಿರಲು, ಉದ್ದದಿಂದ ಬರುವ ಆ ಹೆಚ್ಚಿನ ವೇಗವು, ಖರ್ಚು ಮಾಡಲು ಶಕ್ತಿಯಿಲ್ಲದವನ ಪೆಟ್ಟಿಗೆಯಲ್ಲಿರುವ ಹಣದಂತೆಯೇ ಸರಿ. ಲೆಕ್ಕವು ಹೀಗೆ ಮುಗಿಯಿತು. ಆದರೂ ಶೆಟ್ಟರು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರೇ ಹೊರತು, ಮಗನಿಗೆ ತೋರಿಸಲಿಲ್ಲ.

ಸೋದರಮಾವನ ಜೊತೆಗಾರನಾಗಿದ್ದ ಖಾರ್ವಿಯೊಬ್ಬನ ಮಗನು ಈಗ ಎಪ್ಪತ್ತು ದಾಟಿದ ಮುದುಕನು. ಕಡವಿನ ಬಳಿಯಲ್ಲಿ ಬಲೆಯನ್ನು ಸರಿಪಡಿಸುತ್ತ ಕುಳಿತಿರುವುದು ಅವನ ದಿನಚರಿ. ತಂದೆ ಮಕ್ಕಳಿಬ್ಬರೂ ದೋಣಿಯ ಚಿತ್ರವನ್ನು ಅವನಿಗೆ ತೋರಿಸಿದರು. ಅವನು ಬಹಳ ಹೊತ್ತು ನೋಡಿ, ಹೊಗಳಲಿಲ್ಲ, ಹಳಿಯಲಿಲ್ಲ.

“ಹ್ವಾಯ್ ಶೆಟ್ರೆ, ಇದ್ ಯಾವ ನೀರಿಗೆ? ಅಳಿವೆ ದಾಟಿ ಹೋಪುದಾ, ಒಳಗೇ ಇಪ್ಪುದಾ?” ಎಂದು ಕೇಳಿದನು. ಅನಂತರ, ಕುಳಿತುಕೊಳ್ಳುವವರು ಯಾರು, ಮನೆಯಿಂದ ನೀರಿನವರೆಗೆ ಹೊರುವವರು ಯಾರು, ಮೀನು ಮನೆಗೋ ಮಾರುವುದಕ್ಕೋ ಎಂದು ಒಂದೊಂದಾಗಿ ಕೇಳಿದನು.

ಸಂಸ್ಕೃತದಲ್ಲಿ ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ಗ್ರಂಥದ ವಿಷಯವೇನು, ಅದನ್ನು ಓದಲು ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು, ಪ್ರಯೋಜನವೇನು—ಈ ನಾಲ್ಕು ತಿಳಿಯದೆ ಓದಲು ತೊಡಗಿದವನು ನಡುದಾರಿಯಲ್ಲಿ ನಿಲ್ಲುತ್ತಾನೆ. ಅಕ್ಷರಾಭ್ಯಾಸವೂ ಸರಿಯಾಗಿ ಇಲ್ಲದ ಆ ಮುದುಕನು ಕೇಳಿದುದು ಈ ನಾಲ್ಕನ್ನೇ. ಯಾವ ನೀರು ಎಂಬುದು ವಿಷಯ. ಯಾರು ಕುಳಿತುಕೊಳ್ಳುವವರು ಎಂಬುದು ಅಧಿಕಾರ. ಹೊರುವುದು, ಹೊರಿಸುವುದು ಸಂಬಂಧ. ಮೀನು ಏತಕ್ಕೆ ಎಂಬುದು ಪ್ರಯೋಜನ. ‘ಯಾವ ದೋಣಿ ಒಳ್ಳೆಯದು?’ ಎಂದು ಅವನು ಕೇಳಲೇ ಇಲ್ಲ. ಅದು ಉತ್ತರವಿಲ್ಲದ ಪ್ರಶ್ನೆಯೆಂಬುದನ್ನು ಅವನು ಬಲ್ಲನು.

ವಿಷಯದ ವಿಚಾರವೇ ಮೊದಲು ಕಠಿನವಾಯಿತು. ಪಂಚಗಂಗಾವಳಿಯ ಒಳನೀರು ಕುದ್ರುಗಳಿಂದಲೂ ಕಾಂಡ್ಲಾಗಿಡಗಳಿಂದಲೂ ಮರಳ ದಿಬ್ಬಗಳಿಂದಲೂ ಕೂಡಿದುದು. ಇಳಿತದ ಹೊತ್ತಿನಲ್ಲಿ ಕೆಲವೆಡೆ ಮೊಣಕಾಲುದ್ದವೂ ನೀರಿರದು. ತುಳಿಯುವ ಯಂತ್ರವುಳ್ಳ ಕಯಾಕನ್ನು ಅಮೆರಿಕದ ಹೋಬಿ ಎಂಬ ಸಂಸ್ಥೆಯವರು 1997ರಲ್ಲಿ ಹೊರತಂದಂದಿನಿಂದ ಗಾಳದವರಿಗೆ ಮಹೋಪಕಾರವಾಗಿರುವುದು ನಿಜ; ತಳದಡಿಯಲ್ಲಿ ಎರಡು ರೆಕ್ಕೆಗಳು ಬೀಸಿ ದೋಣಿಯನ್ನು ನಡೆಸುವುದರಿಂದ ಕೈಗಳೆರಡೂ ಗಾಳದ ಕೋಲಿಗೆ ಬಿಡುವಾಗುತ್ತವೆ. ಆದರೆ ಆ ರೆಕ್ಕೆಗಳಿಗೆ ಆಳವು ಬೇಕು. ಆಳವಿಲ್ಲದ ಮರಳಿನಲ್ಲಿಯೂ, ಕಲ್ಲಿಗಂಟಿದ ಚಿಪ್ಪುಗಳ ಮೇಲೆಯೂ ಅವು ಬಡಿದು ಕೆಡುತ್ತವೆ. ಆ ಯಂತ್ರಕ್ಕೂ ಉದ್ದವಾದ ದೋಣಿಗೂ ಸಾರ್ಥಕತೆ ಬರುವುದು ಅಳಿವೆಯ ಹೊರಗೆ. ಅಳಿವೆಯಲ್ಲಿಯಾದರೋ, ಇಳಿತದ ನೀರು ಹೊರಕ್ಕೆ ನುಗ್ಗುವಾಗ ಒಳಕ್ಕೆ ಬರುವ ತೆರೆಗಳು ಅದನ್ನು ಎದುರಿಸಿ ಕಡಿದಾಗಿ ಏಳುತ್ತವೆ. ಯಾಂತ್ರಿಕ ದೋಣಿಗಳನ್ನು ನಡೆಸುವ ಬಲಿಷ್ಠರೂ ಅಲ್ಲಿ ಹೊತ್ತು ನೋಡಿ ದಾಟುತ್ತಾರೆ.

ಮಗನು ಸುಲಭವಾಗಿ ಬಿಡಲಿಲ್ಲ. “ಅಪ್ಪಯ್ಯ, ನೀವು ಹತ್ತು ವರ್ಷದವರಾಗಿದ್ದಾಗಲೇ ದಾಟಿದ್ದೀರಲ್ಲ?” ಎಂದನು. ಆಮೇಲೆ ತಾನು ಓದಿದ್ದ ಒಂದು ವೃತ್ತಾಂತವನ್ನು ಹೇಳಿದನು. ಓಸ್ಕರ್ ಸ್ಪೆಕ್ ಎಂಬ ಜರ್ಮನನು 1932ರಲ್ಲಿ ಉಲ್ಮ್ ಎಂಬ ಊರಿನಿಂದ ಮಡಚುವ ಕಯಾಕ್ ಒಂದರಲ್ಲಿ ಹೊರಟನು. ಡ್ಯಾನ್ಯೂಬ್ ನದಿಯನ್ನು ಇಳಿದು, ಪರ್ಷಿಯದ ಕರೆಯನ್ನು ಹಾದು, ಭಾರತದ ಪಶ್ಚಿಮ ತೀರದುದ್ದಕ್ಕೂ ಬಂದು, ಸಿಂಹಳವನ್ನು ಮುಟ್ಟಿ, 1939ರಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಆ ಮೈತುಂಬ ಸಾಹಸಿಗೆ ಈಜೂ ಬರುತ್ತಿರಲಿಲ್ಲ. ನಮ್ಮ ಕರಾವಳಿಯ ಎದುರಿನಲ್ಲಿಯೇ ಹಾದುಹೋದವನು ಅವನು! ಈ ಮಾತನ್ನು ಹೇಳುವಾಗ ಮಗನ ಕಣ್ಣುಗಳಲ್ಲಿ ಹೊಳಪಿತ್ತು.

ಶೆಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವನಿಗಾಗ ಎಷ್ಟು ವಯಸ್ಸು?” ಎಂದು ಕೇಳಿದರು.

“ಇಪ್ಪತ್ತೈದು.”

“ಅವನ ಮನೆಯಲ್ಲಿ ಊಟಕ್ಕೆ ಕಾದವರು ಯಾರಾದರೂ ಇದ್ದರೋ?”

ಮಗನು ಉತ್ತರವನ್ನು ಹೇಳಲಿಲ್ಲ. ಊಟದ ಮಾತು ಬರಲು ಕಾರಣವಿತ್ತು. ಹಿಂದಿನ ರಾತ್ರಿ ಮುದುಕನ ನಾಲ್ಕನೆಯ ಪ್ರಶ್ನೆಯನ್ನು ಶೆಟ್ಟರು ನಗುತ್ತ ಹೆಂಡತಿಯ ಮುಂದಿಟ್ಟಿದ್ದರು. ಆಕೆ ನಗಲಿಲ್ಲ. “ಕಾಣಿ, ಬೆಳಿಗ್ಗೆ ಹೋದವ್ರ್ ಊಟದ ಹೊತ್ತಿಗೆ ಮನೆಗೆ ಬಪ್ಪಂಥ ದೋಣಿ ತನ್ನಿ. ಮತ್ತೆಂತದೂ ನಂಗ್ ಗೊತ್ತಿಲ್ಲ” ಎಂದು ಹೇಳಿ, ದೀಪವನ್ನಾರಿಸಿ ಮಲಗಿದಳು. ದೋಣಿಯ ಪ್ರಯೋಜನವನ್ನು ಇದಕ್ಕಿಂತ ಸ್ಪಷ್ಟವಾಗಿ ನಿರೂಪಿಸುವುದು ಯಾವ ಶಾಸ್ತ್ರಕಾರನಿಗೂ ಕಷ್ಟ.

ಉಳಿದುದು ಅಧಿಕಾರದ ಪರೀಕ್ಷೆ. ಅದಕ್ಕೆ ಮುದುಕನು ಒಂದೇ ಉಪಾಯವನ್ನು ಹೇಳಿದ್ದನು. “ಕೂಕಂಡ್ ಕಾಂಬುದಲ್ಲ, ಬಿದ್ದ್ ಕಾಣಿ. ಬಿದ್ರೆ ಹತ್ತುಕೆ ಆತ್ತಾ?” ದೋಣಿಯನ್ನು ಕೊಳ್ಳುವವರೆಲ್ಲರೂ ಅದರಲ್ಲಿ ಕುಳಿತು ಪರೀಕ್ಷಿಸುತ್ತಾರೆ, ಅದರಿಂದ ಬಿದ್ದು ಪರೀಕ್ಷಿಸುವವರು ವಿರಳ. ಕಯಾಕಿನಲ್ಲಿ ಹೋಗುವವನು ಒಂಟಿ. ಮಗುಚಿದಾಗ ಕೈ ಹಿಡಿದು ಎತ್ತಲು ಯಾರೂ ಇರುವುದಿಲ್ಲ. ಆದುದರಿಂದ ಮತ್ತೆ ತಾನೇ ಹತ್ತಲಾರದ ದೋಣಿಯು, ಎಷ್ಟೇ ಸುಂದರವಾದರೂ, ಅವನ ಪಾಲಿಗೆ ದೋಣಿಯಲ್ಲ.

ಸಾಲಿಗ್ರಾಮದ ಸಮೀಪ ಸೀತಾನದಿಯ ಹಿನ್ನೀರಿನಲ್ಲಿ ಕಾಂಡ್ಲಾವನದ ನಡುವೆ ಕಯಾಕುಗಳನ್ನು ನಡೆಸುವ ರೂಢಿ ಈಚೆಗೆ ಬೆಳೆದಿದೆ. ಆ ಕಡೆಯ ಪರಿಚಿತರೊಬ್ಬರಿಂದ ಎರಡು ದೋಣಿಗಳು ಎರವಲಾಗಿ ದೊರೆತವು. ಒಂದು 13 ಅಡಿಯ ಕಿರಿದಾದ ದೋಣಿ; ಮತ್ತೊಂದು 10 ಅಡಿ 6 ಅಂಗುಲ ಉದ್ದ, 34 ಅಂಗುಲ ಅಗಲದ್ದು. ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ. ಶೆಟ್ಟರು ಲೈಫ್ ಜಾಕೆಟ್ಟನ್ನು ಬಿಗಿದುಕೊಂಡು ಕಿರಿದಾದ ದೋಣಿಯನ್ನು ಹತ್ತಿದರು. ಹುಟ್ಟು ನೀರಿಗೆ ತಗುಲಿದೊಡನೆಯೇ ಅವರ ತೋಳಿಗೆ ಹಳೆಯ ವಿದ್ಯೆ ನೆನಪಾಯಿತು. ದೋಣಿಯು ಬಾಣದಂತೆ ಹೋಯಿತು. ದಡದಲ್ಲಿ ನಿಂತ ಮಗನು ತನ್ನ ಆಯ್ಕೆಯೇ ಸರಿಯೆಂದುಕೊಂಡನು. ಶೆಟ್ಟರೂ ಅದೇ ಕ್ಷಣದಲ್ಲಿ ಹಾಗೆಯೇ ಅಂದುಕೊಂಡಿರಬಹುದು.

ಅನಂತರ ಅವರು ಹೇಳಿಕೊಂಡಂತೆ ಪಕ್ಕಕ್ಕೆ ವಾಲಿ ನೀರಿಗೆ ಬಿದ್ದರು. ಮೇಲೆದ್ದು ದೋಣಿಯ ಅಂಚನ್ನು ಹಿಡಿದು, ಕಾಲನ್ನು ಬಡಿದು, ಎದೆಯನ್ನು ಅದರ ಮೇಲಕ್ಕೆ ತಂದರು. ದೋಣಿಯು ಅವರ ಕಡೆಗೇ ಮಗುಚಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅರ್ಧಕ್ಕೆ ಏರಿ, ಬಲಮೊಣಕಾಲು ನೋವಿನಿಂದ ಸೆಳೆದು, ಜಾರಿದರು. ನಾಲ್ಕನೆಯ ಪ್ರಯತ್ನವನ್ನು ಅವರು ಮಾಡಲಿಲ್ಲ. ದೋಣಿಯನ್ನು ಹಿಡಿದು ತೇಲುತ್ತ, ಉಸಿರನ್ನು ಸುಧಾರಿಸಿಕೊಳ್ಳುತ್ತಿದ್ದರು. ನೀರು ಬೆಚ್ಚಗಿತ್ತು, ಶಾಂತವಾಗಿತ್ತು, ದಡವು ಹದಿನೈದು ಮಾರು ದೂರದಲ್ಲಿತ್ತು. ಆದರೂ ಮಗನು ಬಟ್ಟೆಯನ್ನು ಬಿಚ್ಚದೆ ನೀರಿಗಿಳಿದು ಬಂದನು. ಇಬ್ಬರೂ ಏನನ್ನೂ ಮಾತನಾಡಲಿಲ್ಲ. ತನ್ನ ಕಥೆಗಳ ವೀರನು 62 ವರ್ಷದ ಮನುಷ್ಯನೆಂಬುದನ್ನು ಮಗನು ಆಗ ಕಂಡನು. ಮಗನು ಕಂಡನೆಂಬುದನ್ನು ತಂದೆಯು ಕಂಡರು.

ಅರ್ಧ ಗಂಟೆ ವಿಶ್ರಮಿಸಿ ಅಗಲವಾದ ದೋಣಿಯನ್ನು ಪರೀಕ್ಷಿಸಿದರು. ಅದು ಬಾಣದಂತೆ ಹೋಗಲಿಲ್ಲ, ಎಮ್ಮೆಯಂತೆ ಹೋಯಿತು. ಅದರಿಂದ ಬೀಳುವುದಕ್ಕೇ ಪ್ರಯತ್ನಪಡಬೇಕಾಯಿತು. ಬಿದ್ದ ಮೇಲೆ, ಪಕ್ಕದ ಹಿಡಿಯನ್ನು ಹಿಡಿದು ಕಾಲು ಬಡಿದಾಗ, ಅಂಚು ಸ್ವಲ್ಪ ತಗ್ಗಿತಾದರೂ ದೋಣಿಯು ಮಗುಚಲಿಲ್ಲ. ಎರಡನೆಯ ಪ್ರಯತ್ನಕ್ಕೆ ಶೆಟ್ಟರು ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ, ಹೊರಳಿ, ಕುಳಿತುಕೊಂಡರು.

ಇದು ಒಳಗೆ ಕಾಲು ತೂರಿಸಿ ಕುಳಿತುಕೊಳ್ಳುವ ಜಾತಿಯದಲ್ಲ, ಮೇಲೆ ಕುಳಿತುಕೊಳ್ಳುವ ಜಾತಿಯದು. ಇನ್ಯುಯಿಟ್ ಬೇಟೆಗಾರನ ದೋಣಿಯು ಸೊಂಟದವರೆಗೆ ಅವನನ್ನು ಒಳಗೊಂಡು ಚಳಿಯಿಂದ ರಕ್ಷಿಸುತ್ತದೆ. ಮಗುಚಿದರೆ ಅವನು ಹೊರಗೆ ಬಾರದೆ, ಹುಟ್ಟಿನ ಒಂದು ಬೀಸಿನಿಂದ ದೋಣಿಯೊಡನೆ ಹೊರಳಿ ಮೇಲಕ್ಕೇಳುತ್ತಾನೆ. ಆ ವಿದ್ಯೆಗೆ ದೀರ್ಘಾಭ್ಯಾಸವು ಬೇಕು. ಬೆಚ್ಚನೆಯ ನಮ್ಮ ನೀರಿನಲ್ಲಿ ಆ ಕವಚದ ಅಗತ್ಯವಿಲ್ಲ. ಮೇಲೆ ಕುಳಿತುಕೊಳ್ಳುವ ಕಯಾಕು ಪಾಲಿಥೀನಿನ ಮುಚ್ಚಿದ ಪೊಳ್ಳುಗಟ್ಟಿ. ತಳದವರೆಗೆ ಕೊರೆದ ತೂತುಗಳ ಮೂಲಕ ಮೇಲೆ ಬಿದ್ದ ನೀರು ತಾನಾಗಿ ಇಳಿದುಹೋಗುತ್ತದೆ. ಮಗುಚಿದರೂ ಅದರೊಳಗೆ ನೀರು ತುಂಬದು.

ಕೊನೆಗೆ ಅದೇ ಅಳತೆಯ ದೋಣಿಯನ್ನು ಕೊಂಡರು. ಸಂಬಂಧದ ಲೆಕ್ಕವೂ ಸರಿಹೋಯಿತು. ಯಂತ್ರವುಳ್ಳ ಉದ್ದವಾದ ದೋಣಿಯ ತೂಕ 45 ಕಿಲೋಗ್ರಾಂ, ಇದರದು 28. ಮನೆಯಿಂದ ಕಡವಿಗೆ ಇನ್ನೂರು ಹೆಜ್ಜೆ. ಎರಡು ಚಕ್ರಗಳ ಮೇಲಿಟ್ಟು ಶೆಟ್ಟರೊಬ್ಬರೇ ಎಳೆದೊಯ್ಯಬಲ್ಲರು. ಎಳೆಯಲು ಮತ್ತೊಬ್ಬನನ್ನು ಕಾಯಬೇಕಾದ ದೋಣಿಯು ಅಂಗಳದಲ್ಲಿಯೇ ಕುಳಿತಿರುವುದು ನಿಶ್ಚಯ. ಇದು ಹೊರಬಲ್ಲ ಭಾರವು 165 ಕಿಲೋಗ್ರಾಂ ಎಂದು ಮಾಡಿದವರು ಬರೆದಿದ್ದಾರೆ. ಆದರೆ ಪೂರ್ತಿ ಭಾರವನ್ನು ಹೊತ್ತ ದೋಣಿಯು ನೀರಿನಲ್ಲಿ ಕುಸಿದು ಮಂದವಾಗುವುದರಿಂದ, ಮೂರರಲ್ಲಿ ಎರಡು ಪಾಲಿಗೆ ಮೀರದಿರುವುದು ತಿಳಿದವರ ಕ್ರಮ. ಅದು 110 ಆಯಿತು. ಶೆಟ್ಟರ ತೂಕ 74; ಗಾಳದ ಕೋಲು, ಲಂಗರು, ಕುಡಿಯುವ ನೀರು ಎಲ್ಲ ಸೇರಿ 18; ದೈವಕೃಪೆಯಿಂದ ದೊರೆಯಬಹುದಾದ ಮೀನು 10. ಒಟ್ಟು 102. ಕುರ್ಚಿಯಂತೆ ಎತ್ತರವಾದ ಪೀಠವು ಬೆನ್ನಿಗೆ ಸುಖವಾದರೂ ಗಾಳಿಗೆ ಪಟದಂತಾಗುವುದರಿಂದ, ತಗ್ಗಾದ ಪೀಠವನ್ನೇ ಇರಿಸಿಕೊಂಡರು. ಬಣ್ಣವನ್ನು ಮಾತ್ರ ಮಗನು ಆರಿಸಿದನು: ದೂರದ ಯಾಂತ್ರಿಕ ದೋಣಿಯವರ ಕಣ್ಣಿಗೂ ಬೀಳುವಂಥ ಕಿತ್ತಳೆ.

ದೋಣಿಯನ್ನು ನೋಡಲು ಬಂದ ಮುದುಕನು ಅದರ ಮೈಯನ್ನು ಬೆರಳಿನಿಂದ ತಟ್ಟಿ, ಸದ್ದನ್ನು ಕೇಳಿ, ತಲೆಯಾಡಿಸಿದನು. ನಿಯಮಗಳನ್ನೂ ಅವನೇ ಹಾಕಿಕೊಟ್ಟನು. ಉಬ್ಬರದ ನೀರಿನೊಡನೆ ಮೇಲಕ್ಕೆ ಹೋಗುವುದು. ನೀರು ನಿಂತೊಡನೆ ತಿರುಗುವುದು. ಇಳಿತವು ಬಲವಾಗುವ ಮುನ್ನ ಕಡವನ್ನು ಸೇರುವುದು, ಏಕೆಂದರೆ ಕಡವನ್ನು ತಪ್ಪಿದ ದೋಣಿಯನ್ನು ಇಳಿತವು ಒಯ್ಯುವುದು ಅಳಿವೆಗೆ. ಮಧ್ಯಾಹ್ನದ ಪಡುಗಾಳಿಗೆ ಮೊದಲೇ ಮನೆಗೆ ಬರುವುದು. ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧವಾಗಿರುವ ಜೂನ್ ಜುಲೈ ತಿಂಗಳುಗಳ 61 ದಿನಗಳಲ್ಲಿ ಈ ದೋಣಿಯೂ ನೆರಳಿನಲ್ಲಿ ಮಗುಚಿಕೊಂಡು ಮಲಗಿರುವುದು. ಸರಕಾರದ ಆಜ್ಞೆ ಇದಕ್ಕೆ ತಗುಲಲಿ ಬಿಡಲಿ, ಮಳೆಗಾಲದ ಹೊಳೆಯ ಆಜ್ಞೆ ಎಲ್ಲರಿಗೂ ತಗುಲುತ್ತದೆ.

ಆರಿಸುವುದೆಂದರೆ ಪಡೆಯುವುದೆಂದು ಜನರು ಭಾವಿಸುತ್ತಾರೆ. ಒಂದನ್ನು ಪಡೆದಾಗ ಮಿಕ್ಕವುಗಳನ್ನು ಬಿಟ್ಟುಕೊಟ್ಟಿರುತ್ತೇವೆಂಬುದು ಆಮೇಲೆ ತಿಳಿಯುತ್ತದೆ. ಅಗಲವಾದ ಆ ದೋಣಿಯನ್ನು ಆರಿಸಿದಾಗ ಶೆಟ್ಟರು ಕಡಲನ್ನು ಬಿಟ್ಟುಕೊಟ್ಟರು. ಮೂವತ್ತೈದು ವರ್ಷ ಲೆಕ್ಕದ ಪುಸ್ತಕಗಳ ನಡುವೆ ಕಾಪಾಡಿಕೊಂಡು ಬಂದಿದ್ದುದನ್ನು, ಒಂದು ಬೆಳಗ್ಗೆ, ಸೀತಾನದಿಯ ಬೆಚ್ಚನೆಯ ನೀರಿನಲ್ಲಿ ಬಿಟ್ಟುಕೊಡಬೇಕಾಯಿತು. ಅದಕ್ಕೆ ಅವರು ದುಃಖಪಡಲಿಲ್ಲವೆಂದು ಹೇಳುವುದು ಸುಳ್ಳಾದೀತು.

ಆದರೆ ಒಳನೀರೂ ಬರಿಯ ಶೇಷವಲ್ಲ. ಕುದ್ರುವಿನ ಅಂಚಿನ ಮರಳಿನಲ್ಲಿ ಕಾಣೆಮೀನು ಮೇಯುತ್ತದೆ. ಅದಕ್ಕೆ ಬಲವು ಬೇಡ, ಸದ್ದಿಲ್ಲದಿರುವಿಕೆ ಬೇಕು. ಬಾಲ್ಯದಲ್ಲಿ ಅಳಿವೆಯ ಕಡೆಗೆ ಧಾವಿಸುವ ಭರದಲ್ಲಿ ಶೆಟ್ಟರು ಈ ನೀರನ್ನು ನೋಡಿಯೇ ಇರಲಿಲ್ಲ. ಈಗ ಕಾಂಡ್ಲಾಬೇರುಗಳ ನಡುವೆ ಉಬ್ಬರವು ಏರುವ ಬಗೆಯನ್ನೂ, ಕೊಕ್ಕರೆಯು ನಿಂತ ಸ್ಥಳದಿಂದ ನೀರಿನ ಆಳವನ್ನು ಊಹಿಸುವುದನ್ನೂ ಕಲಿಯುತ್ತಿದ್ದಾರೆ. ಕೆಲವು ಬೆಳಗುಗಳಲ್ಲಿ, ಹಿಂದಿರುಗುವ ಮುನ್ನ, ಹುಟ್ಟನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟು ಪಶ್ಚಿಮಕ್ಕೆ ನೋಡುವುದುಂಟು. ದೂರದಲ್ಲಿ ಅಳಿವೆಯ ಬಿಳಿಯ ಗೆರೆ ಕಾಣುತ್ತದೆ, ಮೊರೆತವೂ ಕೇಳುತ್ತದೆ. ಸ್ವಲ್ಪ ಹೊತ್ತು ಕೇಳಿ, ದೋಣಿಯ ಮೂತಿಯನ್ನು ಕಡವಿಗೆ ತಿರುಗಿಸುತ್ತಾರೆ.

ಮೊದಲನೆಯ ದಿನ ಅವರು ತಂದುದು ಎರಡು ಕಾಣೆಮೀನುಗಳನ್ನು. ಹೆಂಡತಿಯು ಮೀನನ್ನು ಎಣಿಸಲಿಲ್ಲ; ಗೋಡೆಯ ಗಡಿಯಾರವನ್ನು ನೋಡಿದಳು. ಹನ್ನೆರಡು ಹೊಡೆಯುವುದಕ್ಕೆ ಇನ್ನೂ ಕಾಲು ಗಂಟೆಯಿತ್ತು. “ಮೀಯುಕೆ ಬಿಸಿನೀರ್ ಇತ್ತ್” ಎಂದು ಹೇಳಿ, ಮೀನನ್ನು ಕೈಗೆ ತೆಗೆದುಕೊಂಡು ಒಳಗೆ ಹೋದಳು.